ನಿನಗೇನು ಬರ್ತೈತಿ?

ಇಳಕಲ್ಲಿಗೆ ಬಂದ ಮೊದಲ ದಿನವೇ ಮನೆಯೊಡತಿ ನನ್ನ ಮಗಳನ್ನು ಅಳಿಸಿಬಿಟ್ಟರು. ಸಾಮಾನು ಇನ್ನೂ ಲಾರಿಯಲ್ಲೇ ಇತ್ತು. ಸಂಗವ್ವ ಮಗ್ಗದ ಗುಂಡಿಯಿಂದ ಎದ್ದು ಬಂದು, ಎಂಟು ವರ್ಷದ ಇಂಚರಳ ಗದ್ದ ಹಿಡಿದು, "ನಿನಗೇನು ಬರ್ತೈತಿ?" ಎಂದು ಕೇಳಿದರು.

ನಮ್ಮ ಮೈಸೂರಿನಲ್ಲಿ ಮಕ್ಕಳನ್ನು ಯಾರೂ ಹೀಗೆ ಕೇಳುವುದಿಲ್ಲ. ದೊಡ್ಡವಳಾದ ಮೇಲೆ ಏನಾಗ್ತೀಯ ಎಂದು ಕೇಳುತ್ತಾರೆ. "ಡಾಕ್ಟರ್ ಆಗ್ತೀನಿ" ಎಂದಳು ಇಂಚರ, ನೆಂಟರ ಮುಂದೆ ಒಪ್ಪಿಸುವ ಅದೇ ರಾಗದಲ್ಲಿ.

"ಅದು ಮುಂದಿನ ಮಾತವಾ. ಈಗ ಏನು ಬರ್ತೈತಿ? ರೊಟ್ಟಿ ಬಡೀತಿ? ಗಂಟು ಹಾಕ್ತಿ?"

ಮಗಳು ಅಳುತ್ತಾ ನನ್ನ ಬೆನ್ನ ಹಿಂದೆ ಸೇರಿಕೊಂಡಳು. ನನಗೆ ಸಿಟ್ಟು ಬಂತು. ಆದರೆ ಖರೆ ಹೇಳಬೇಕೆಂದರೆ (ಈ ಪದ ಈಗ ನನ್ನದೂ ಆಗಿದೆ, 'ನಿಜ' ಎಂದರ್ಥ), ಡಾಕ್ಟರ್ ಏನು ಮಾಡುತ್ತಾರೆ ಎಂದು ಕೇಳಿದರೆ ಅವಳು "ಕಾರಲ್ಲಿ ಬರ್ತಾರೆ" ಎನ್ನುತ್ತಿದ್ದಳು.

ನನ್ನ ಗಂಡನಿಗೆ ಇಲ್ಲಿನ ಗ್ರಾನೈಟ್ ಕಾರ್ಖಾನೆಯಲ್ಲಿ ಯಂತ್ರ ರಿಪೇರಿಯ ಕೆಲಸ. ನಾವು ಮಹಡಿಯಲ್ಲಿ, ಸಂಗವ್ವ ಮತ್ತು ಅವರ ಮಗ್ಗ ಕೆಳಗೆ. ಒಂದು ವರ್ಷವಾದ ಮೇಲೆ ಇಂಚರಳನ್ನು ಮೈಸೂರಿನಲ್ಲಿ ತಮ್ಮನ ಮನೆಯಲ್ಲಿರುವ ಅಮ್ಮನ ಹತ್ತಿರ ಬಿಟ್ಟು, ಹೆಸರಾದ ಶಾಲೆಗೆ ಸೇರಿಸುವುದೆಂದು ಮೊದಲೇ ತೀರ್ಮಾನವಾಗಿತ್ತು. ಅರ್ಜಿ ತುಂಬಿ ಬೀರುವಿನಲ್ಲಿಟ್ಟಿದ್ದೆ, ಸಹಿಯೊಂದು ಬಾಕಿ. ಅವಳನ್ನು ಬಿಟ್ಟಿರುವುದು ನೆನೆದು ಸಹಿಯನ್ನು ಮುಂದೂಡುತ್ತಿದ್ದೆ. ಆದರೂ ಅವಳ ಭವಿಷ್ಯ ಅಲ್ಲೇ ಇದೆ ಎಂದು ನಂಬಿದ್ದೆ.

ಊರು ನಿಧಾನವಾಗಿ ಒಗ್ಗಿತು. ಮೊದಮೊದಲು ಕಿರಾಣಿ ಅಂಗಡಿಯವರು, "ಅಕ್ಕಾರ, ನೀವು ಟಿವಿಯೊಳಗಿನವರಂಗ ಮಾತಾಡ್ತೀರಿ" ಎಂದು ನಗುತ್ತಿದ್ದರು. ನಾನು ಬಡಿದ ಮೊದಲ ಜೋಳದ ರೊಟ್ಟಿ ನಕ್ಷೆಯಲ್ಲಿ ಯಾವ ಜಿಲ್ಲೆಯೋ ಎಂದು ಗಂಡ ಹುಡುಕಿದರು. ಏಳನೆಯದು ದುಂಡಗಾಯಿತು, ಅದನ್ನು ಅವರಿಗೆ ಕೊಡದೆ ನಾನೇ ತಿಂದೆ.

ಇಂಚರ ಮಾತ್ರ ಶಾಲೆ ಬಿಟ್ಟೊಡನೆ ಕೆಳಗೆ ಮಾಯವಾಗುತ್ತಿದ್ದಳು. ಇಳಕಲ್ ಸೀರೆಯ ಮೈಗೆ ಹಾಸಿದ ಎಳೆಗಳು ಬೇರೆ, ಸೆರಗಿಗೆ ಹಾಸಿದವು ಬೇರೆ. ಅವೆರಡನ್ನೂ ಒಂದೊಂದೇ ಎಳೆಯಾಗಿ ಕುಣಿಕೆ ಹಾಕಿ ಕೂಡಿಸುತ್ತಾರೆ, ಅದಕ್ಕೆ ಕೊಂಡಿ ಎಂದು ಹೆಸರು. ಒಂದು ಸಂಜೆ ಇಳಿದು ನೋಡಿದರೆ ನನ್ನ ಮಗಳು ನಾಲಿಗೆ ಕಚ್ಚಿಕೊಂಡು ಕೊಂಡಿ ಹಾಕುತ್ತಿದ್ದಳು. ಹೋಮ್‌ವರ್ಕ್ ಮುಟ್ಟಿರಲಿಲ್ಲ. "ನನ್ನ ಮಗಳನ್ನ ಕೆಲಸಕ್ಕೆ ಹಚ್ಚಬೇಡಿ" ಎಂದು ಕೂಗಾಡಿಬಿಟ್ಟೆ.

ಸಂಗವ್ವ ತಲೆ ಎತ್ತಲಿಲ್ಲ. "ಇವು ಕಸದಾಗ ಹೋಗೂ ದಾರ ರೀ. ನನ್ನ ಸೀರಿಗೆ ಇಕಿ ಕೈ ಹಚ್ಚಾಕ ನಾ ಬಿಡ್ತೇನೇನು? ಅದು ನನ್ನ ಹೊಟ್ಟಿಪಾಡು."

ಆಮೇಲೆ ನಾಲ್ಕು ದಿನ ಕೆಳಗಿನಿಂದ ಮಗ್ಗದ ಸದ್ದು ಬಿಟ್ಟರೆ ಮಾತಿಲ್ಲ. ಆ ನಾಲ್ಕು ದಿನ ಅನುಭವಿಸಿದ ಒಂಟಿತನ ಬಂದ ಹೊಸದರಲ್ಲೂ ಇರಲಿಲ್ಲ.

ಐದನೆಯ ದಿನ ಸಂಗವ್ವನ ಮಗಳು ಮಹಾದೇವಿ ಶೇಂಗಾ ಹಿಂಡಿಯ, ಅಂದರೆ ಕಡಲೆಕಾಯಿ ಚಟ್ನಿಪುಡಿಯ, ಡಬ್ಬಿ ಹಿಡಿದು ಮೇಲೆ ಬಂದಳು. ಬಾಗಲಕೋಟೆಯ ಆಸ್ಪತ್ರೆಯೊಂದರಲ್ಲಿ ನರ್ಸ್, ರಜೆಗೆ ಬಂದಿದ್ದಳು. ಇಂಚರ ಬಿಡುತ್ತಾಳೆಯೇ? "ನಿಮಗೆ ಕೊಂಡಿ ಹಾಕೋಕೆ ಬರುತ್ತಲ್ಲ, ಮತ್ತೆ ಯಾಕೆ ನರ್ಸ್ ಆದ್ರಿ?"

"ನಮ್ಮಜ್ಜಿ ದವಾಖಾನ್ಯಾಗ ಇದ್ದಾಗ ಸಿಸ್ಟರ್ ಒಬ್ರು ಕೈಯಾಗ ನರ ಹುಡುಕೂದು ನೋಡಿದ್ನಿ. ಎಳಿ ಹುಡುಕಿದಂಗನ ಐತಿ, ಇದು ನನಗ ಬರ್ತೈತಿ ಅನಿಸ್ತು. ಹೋಗಿ ಕಲ್ತೆ." ನನ್ನತ್ತ ತಿರುಗಿ, "ಅವ್ವ ಸಿಟ್ಟಾಗಿಲ್ರಿ. ನೀವು ಕೆಳಗ ಬರವಲ್ರಿ ಅಂತ ಬ್ಯಾಸರ ಮಾಡ್ಕೊಂಡಾಳ" ಎಂದಳು.

ನಾನು ತಲೆ ತಗ್ಗಿಸಿಕೊಂಡು ಕೆಳಗಿಳಿದೆ. ತಪ್ಪಾಯಿತು ಎಂದೆ. ಸಂಗವ್ವ ಚಹಾ ಕುಡಿಸಿದರು, ಸಕ್ಕರೆ ಭಾಳ ಹಾಕಿದ್ದರು.

ಅಂದಿನಿಂದ ಇಂಚರ ವಾರಕ್ಕೊಂದು ಉದ್ಯೋಗ ಹಿಡಿಯುತ್ತಿದ್ದಾಳೆ. ನರ್ಸ್ ಆದಳು, ಅಪ್ಪನಂತೆ ಯಂತ್ರ ಬಿಚ್ಚುವವಳಾದಳು. ಹುನಗುಂದಕ್ಕೆ ಹೋಗುವಾಗ ಬಸ್ಸಿನಲ್ಲಿ ಕಂಡಕ್ಟರರನ್ನು, "ಬಸ್ ಅಲ್ಲಾಡೂವಾಗ ಬೀಳದಂಗ ನಿಂದ್ರೂದು ಹೆಂಗ್ರಿ?" ಎಂದು ವಿಚಾರಿಸಿದಳು. ಅವರು ಪಾದ ಅಗಲಿಸಿ ನಿಲ್ಲುವುದನ್ನು ತೋರಿಸಿಕೊಟ್ಟರು. ಕಮತಗಿಯಲ್ಲಿ ಸಾಬರೊಬ್ಬರು ಹತ್ತಿ ತುಂಬಿ ಗಾದಿ ಹೊಲಿಯುತ್ತಿದ್ದರೆ ಅಲ್ಲೂ ಕೂತಳು. ಈಗ ಡಾಕ್ಟರ ಹತ್ತಿರ ಹೋದರೆ ಕಾರು ನೋಡುವುದಿಲ್ಲ, ಅವರು ಹೊಟ್ಟೆ ಒತ್ತಿ ಏನು ಹುಡುಕುತ್ತಾರೆಂದು ಕೇಳುತ್ತಾಳೆ. ಮುಂದೆ ಅವಳು ಏನಾದರೂ ಆಗಲಿ, ಮಕ್ಕಳಿಗೆ ಭವಿಷ್ಯ ಹೀಗೆಯೇ ಕಣ್ಣಿಗೆ ಬೀಳುತ್ತದೆ ಎಂದು ನನಗೆ ಇಲ್ಲಿ ತಿಳಿಯಿತು.

ಅರ್ಜಿಯ ಕೊನೆಯ ದಿನ ಅಮ್ಮನಿಗೆ ಫೋನ್ ಮಾಡಿದೆ. "ಇವಳು ನಮ್ಮ ಜೊತೆ ಇಲ್ಲೇ ಓದಲಿ ಅಮ್ಮ. ಕಳಿಸಲ್ಲ."

ಅಮ್ಮ ಮೇಜಿನ ಮಾತೆತ್ತಿದರು. "ಅವಳು ಓದ್ಕೊಳ್ಳೋಕೆ ಅಂತ ಮೇಜು ತಂದು ಕಿಟಕಿ ಹತ್ರ ಹಾಕಿಸಿದ್ದೆ ಕಣೇ. ಅಲ್ಲಿಗೇ ಕಳಿಸಿಬಿಡ್ಲಾ?"

ಇಲ್ಲಿ ಜಾಗವಿದೆ, ಮೇಜೂ ಬೇಕು. ಇಂಚರ ನೆಲದ ಮೇಲೆ ಬೋರಲು ಮಲಗಿ ಬರೆಯುತ್ತಾಳೆ.

"ಬೇಡಮ್ಮ, ಅಲ್ಲೇ ಇರಲಿ. ಮುಂದೆ ಬೇಕಾದ್ರೂ ಆಗಬಹುದು" ಎಂದೆ. ಮಗಳನ್ನು ಇಲ್ಲಿ ಉಳಿಸಿಕೊಳ್ಳುವ ಧೈರ್ಯ ಬಂದಿತ್ತು. ಮೇಜನ್ನು ಅಲ್ಲಿಂದ ತರಿಸಿಕೊಳ್ಳುವ ಧೈರ್ಯ ಇನ್ನೂ ಬಂದಿಲ್ಲ.