ತಾಮ್ರದ ನೂಲಿಗೆ ಗಂಜಿ

ತಿಕೋಟಾದ ಗೊಲ್ಲಾಳಪ್ಪನವರ ಕೈಗುಣ ಒಳ್ಳೆಯದೆಂದು ಸುತ್ತಲಿನ ಜನ ಇಂದಿಗೂ ಹೇಳುತ್ತಾರೆ. ಕೈಗುಣವೆಂಬುದನ್ನು ನಾನು ನಂಬುವವನಲ್ಲ. ಕೈಗೆ ಗುಣ ಬರುವುದು ತಪ್ಪಿನಿಂದ, ಆ ತಪ್ಪನ್ನು ಬಿಚ್ಚಿ ನೋಡುವ ಧೈರ್ಯದಿಂದ. ಅವರು ಮಾಡಿದ ತಪ್ಪಾದರೋ, ಕಂಬಳಿ ನೇಯುವವರ ಮನೆಯಲ್ಲಿ ಹುಟ್ಟಿದವರ ಹೊರತು ಬೇರೆ ಯಾರೂ ಮಾಡಲಾರದಂಥದು.

ಅವರ ಊರು ಘೋಣಸಗಿ. ತಂದೆ ಅಮಸಿದ್ದನವರು ಕುರಿ ಸಾಕಿ, ಉಣ್ಣೆ ನೂತು, ಕಂಬಳಿ ನೇಯುತ್ತಿದ್ದರು. ಮಗನಿಗೆ ಎಳವೆಯಿಂದಲೂ ನೂಲಿನ ನಂಟು; ಆದರೆ ಮನಸ್ಸು ಮೋಟಾರುಗಳ ಕಡೆಗೆ ಹೊರಳಿತು. ವಿಜಯಪುರದ ಒಂದು ಲಾರಿ ಗ್ಯಾರೇಜಿನಲ್ಲಿ ತಂತಿ ಸುತ್ತುವ ಕೆಲಸ ಕಲಿತು, ಅರವತ್ತರ ದಶಕದ ಆರಂಭದಲ್ಲಿ ತಿಕೋಟಾದಲ್ಲೊಂದು ತಗಡಿನ ಅಂಗಡಿ ಹಾಕಿದರು. ತಂದೆಗೆ ಅದು ಒಗ್ಗಲಿಲ್ಲ.

“ಈ ಮಳಿಗಾಲ ಮುಗಿಯೂತನಕ ನೋಡ್ತೇನಿ. ಅಂಗಡಿ ನಿಂತ್ರ ನೀನೂ ನಿಲ್ಲು. ಇಲ್ಲಂದ್ರ ಕುರಿ ಹಿಂದ ಬಾ” ಎಂದರು.

ಆ ಬೇಸಿಗೆಯಲ್ಲಿ ಬಬಲೇಶ್ವರದ ಶಿವಯೋಗೆಪ್ಪನವರು ಒಂದು ಡೈನಮೋ ಹೊತ್ತು ತಂದರು. ಅವರ ಹಳೆಯ ಕಾರು ವಿಜಯಪುರಕ್ಕೆ ಬಾಡಿಗೆಗೆ ಓಡುತ್ತಿತ್ತು. ಎಂಜಿನ್ನಿನೊಡನೆ ತಿರುಗಿ ಬ್ಯಾಟರಿಗೆ ವಿದ್ಯುತ್ತು ತುಂಬುವ ಈ ಯಂತ್ರ ಸುಟ್ಟು, ಕಾರು ಮನೆಯ ಮುಂದೆ ನಿಂತುಬಿಟ್ಟಿತ್ತು. ಹೊಸದನ್ನು ಮುಂಬಯಿಯಿಂದ ತರಿಸಬೇಕೆಂದು ಪೇಟೆಯವರು ಹೇಳಿದ್ದರು. ಅದರ ಬೆಲೆ ಕೇಳಿದ ಶಿವಯೋಗೆಪ್ಪನವರಿಗೆ, ಕಾರನ್ನೇ ಮಾರಿದರೂ ಅಷ್ಟು ಹುಟ್ಟೀತೇ ಎಂಬ ಅನುಮಾನ. ಗೊಲ್ಲಾಳಪ್ಪ ಡೈನಮೋ ಬಿಚ್ಚಿ ನೋಡಿದರು. ಹೊರಕವಚ ಗಟ್ಟಿಯಾಗಿತ್ತು, ಬೇರಿಂಗು ನುಣ್ಣಗೆ ತಿರುಗುತ್ತಿತ್ತು. ಕೆಟ್ಟಿದ್ದು ಒಳಗಿನ ತಂತಿಯ ಸುರುಳಿ ಮಾತ್ರ. ಅದನ್ನಷ್ಟೇ ಹೊಸದಾಗಿ ಸುತ್ತಿದರೆ ಸಾಕೆಂದರು.

ನೂಲು ಸುತ್ತಿ ಪಳಗಿದ ಕೈ. ತಾಮ್ರದ ತಂತಿ ಸೊಗಸಾಗಿ ಕೂತಿತು. ಸುತ್ತಿದ ಮೇಲೆ ತಂತಿಗಳು ಅಲುಗದಂತೆ ವಾರ್ನಿಶ್ ಕುಡಿಸಬೇಕು. ಗ್ಯಾರೇಜಿನಲ್ಲಿದ್ದ ಡಬ್ಬಿ ಸೊಲ್ಲಾಪುರದಿಂದ ಬರುತ್ತಿತ್ತು, ತಿಕೋಟಾದಲ್ಲಿ ಅದೆಲ್ಲಿ? ಆಗ ಅವರಿಗೆ ಮನೆಯ ಪದ್ಧತಿ ನೆನಪಾಯಿತು. ಕಂಬಳಿಯ ಹಾಸುನೂಲು ಬಿಗಿಯಾಗಿ ನಿಲ್ಲಲೆಂದು ಹುಣಸೆ ಬೀಜ ಅರೆದು ಕುದಿಸಿದ ಗಂಜಿ ಹಚ್ಚುತ್ತಾರೆ. ಅದನ್ನೇ ತಾಮ್ರಕ್ಕೂ ಹಚ್ಚಿ ಬಿಸಿಲಿಗಿಟ್ಟರು. ಗಂಜಿ ಕಲ್ಲಿನಂತೆ ಗಟ್ಟಿಯಾಯಿತು. ಬೇಸಿಗೆಯುದ್ದಕ್ಕೂ, ಬಿಟ್ಟುಬಿಟ್ಟು ಬಂದ ಮುಂಗಾರಿನಲ್ಲೂ ಕಾರು ಓಡಿತು.

ಸೆಪ್ಟೆಂಬರಿನಲ್ಲಿ ಉತ್ತರಿ ಮಳೆ ಹಿಡಿದು ಬಿಸಿಲೇ ಕಾಣದ ಒಂದು ವಾರದ ಕೊನೆಗೆ, ಅರಕೇರಿಯ ಹತ್ತಿರ, ತುಂಬಿದ ಕಾರಿನ ದೀಪಗಳು ಮಂಕಾದವು. ಮುಂದೆ ಸ್ವಲ್ಪ ದೂರ ಹೋಗಿ ಕಾರೇ ನಿಂತಿತು. ಪ್ರಯಾಣಿಕರು ಕೆಸರಿನಲ್ಲಿ ಇಳಿದು ತಳ್ಳಿದರು. ಮರುದಿನ ಶಿವಯೋಗೆಪ್ಪನವರು ಡೈನಮೋವನ್ನು ತಂದು ಅಂಗಡಿಯ ಕಟ್ಟೆಯ ಮೇಲಿಟ್ಟರು.

ಗೊಲ್ಲಾಳಪ್ಪ ಅವರೆದುರೇ ಬಿಚ್ಚಿದರು. ಬೂಷ್ಟಿನ ವಾಸನೆ ಬಂತು. ತೇವ ಕುಡಿದ ಗಂಜಿ ಉಬ್ಬಿತ್ತು, ತಾಮ್ರಕ್ಕೆ ಹಸಿರು ಕಿಲುಬು ಹಿಡಿದಿತ್ತು. ಮಾಡಿದ್ದನ್ನು ಮುಚ್ಚಿಡದೆ ಹೇಳಿದರು.

“ಡೈನಮೋಕ್ಕ ಕಂಬಳಿ ನೇಯ್ದಿಯೇನಪಾ?” ಎಂದರು ಶಿವಯೋಗೆಪ್ಪ.

“ತಪ್ಪು ನಂದ ಐತ್ರಿ. ಇನ್ನೊಮ್ಮೆ ಸುತ್ತಿ ಕೊಡ್ತೇನ್ರಿ.”

“ಕೊಡು. ಮತ್ತ ಕೆಟ್ರ ನಿನಗ ನಾ ಏನೂ ಅನ್ನೂದಿಲ್ಲ. ಸಂತ್ಯಾಗ ನಿಂತು ನಾಕ್ ಮಂದಿಗಿ ಹೇಳ್ತೇನಿ, ಅಷ್ಟ.”

ಸಂತೆಯಲ್ಲಿ ಆ ಮಾತು ಬಿದ್ದರೆ ಅಂಗಡಿಗೆ ಬೀಗವೇ. ಕುರಿ ಹಿಂದೆ ನಡೆಯುವ ದಾರಿ ಗೊಲ್ಲಾಳಪ್ಪನವರ ಕಣ್ಣಿಗೆ ಕಟ್ಟಿತು.

ತಂತಿ ತರಲು ವಿಜಯಪುರಕ್ಕೆ ಹೋದಾಗ ಗ್ಯಾರೇಜಿನಲ್ಲಿ ವಾರ್ನಿಶ್ ಕೇಳಿದರು; ಡಬ್ಬಿ ಬರಿದಾಗಿತ್ತು. ಮರಳುವಾಗ, ಕುರ್ಚಿ ಮಂಚಗಳಿಗೆ ಪಾಲಿಶ್ ಹಚ್ಚುವ ಅಬ್ದುಲಸಮದರ ಅಂಗಡಿಯ ಮುಂದೆ ಮಳೆಗೆ ಹಾಯಾಗಿ ನೆನೆಯುತ್ತಿದ್ದ ಒಂದು ಕುರ್ಚಿ ಕಂಡಿತು. ನೀರು ಅದರ ಮೇಲೆ ಹನಿಹನಿಯಾಗಿ ನಿಂತಿತ್ತು, ಒಂದಿಷ್ಟೂ ಇಂಗಿರಲಿಲ್ಲ. ಅದೇನು ಹಚ್ಚಿದ್ದೆಂದು ವಿಚಾರಿಸಿದರು.

“ಅರಗು. ಸ್ಪಿರಿಟಿನ್ಯಾಗ ಕರಗಿಸಿ ಹಚ್ಚೂದು. ಸ್ಪಿರಿಟ್ ಹಾರಿ ಹೋಗ್ತದ, ಅರಗು ಉಳೀತದ” ಎಂದರು ಅಬ್ದುಲಸಮದರು. ಕೇಳುವವರ ಹೆಗಲ ಮೇಲಿನ ಕಂಬಳಿ ನೋಡಿ, “ಅದಕ್ಕ ಹಚ್ಚಬ್ಯಾಡ ಮತ್ತ. ಹೊದಿಯಾಕ ಹೋದ್ರ ಬಾಗಿಲಾ ಹೊದ್ದಂಗ ಆಗ್ತದ” ಎಂದು ನಕ್ಕು, ಕಾಗದದಲ್ಲಿ ಒಂದು ಹಿಡಿ ಅರಗು ಕಟ್ಟಿಕೊಟ್ಟರು.

ಇಲ್ಲಿಂದ ಮುಂದಿನದೇ ನನಗೆ ಅಭಿಮಾನದ ಸಂಗತಿ. ಒಮ್ಮೆ ಮೋಸಹೋದವರು ಸಾಮಾನ್ಯವಾಗಿ ಹೊಸದನ್ನು ಕಣ್ಣುಮುಚ್ಚಿ ನಂಬುತ್ತಾರೆ, ಇಲ್ಲವೇ ಕಣ್ಣುಮುಚ್ಚಿ ತಳ್ಳುತ್ತಾರೆ. ಗೊಲ್ಲಾಳಪ್ಪ ಎರಡನ್ನೂ ಮಾಡಲಿಲ್ಲ. ಎರಡು ಪುಟ್ಟ ಸುರುಳಿ ಸುತ್ತಿ, ಒಂದಕ್ಕೆ ಗಂಜಿ, ಇನ್ನೊಂದಕ್ಕೆ ಅರಗು ಹಚ್ಚಿ, ಒಣಗಿಸಿ, ಎರಡನ್ನೂ ಒಂದೇ ಒದ್ದೆ ಕಂಬಳಿಯಲ್ಲಿ ಸುತ್ತಿಟ್ಟರು. ಬಿಚ್ಚಿದಾಗ ಗಂಜಿಯದು ಬೆರಳಿಗೆ ಮೆತ್ತಿಕೊಂಡಿತು. ಅರಗಿನದು ಉಗುರಿಗೆ ಟಣ್ಣೆಂದಿತು. ಆಮೇಲಷ್ಟೇ ಡೈನಮೋ ಮುಟ್ಟಿದರು. ಹಳೆಯ ತಂತಿ ಕಿತ್ತು, ಹೊಸದು ಸುತ್ತಿ, ಅರಗು ಕುಡಿಸಿ, ಕೆಂಡದ ಕಾವಿನಲ್ಲಿ ಒಣಗಿಸಿ, ಕೊನೆಗೆ ಅದನ್ನೂ ಒದ್ದೆ ಕಂಬಳಿಯೊಳಗೇ ಇಟ್ಟರು. ಒಯ್ಯಲು ಬಂದ ಶಿವಯೋಗೆಪ್ಪನವರು ಗಾಬರಿಯಾದರು.

“ಒಣಗಿದ್ದನ್ನ ಯಾಕ ತೋಯಿಸ್ತೀಯೋ ಹುಚ್ಚಾ?”

“ನಿಮ್ಮ ಗಾಡ್ಯಾಗ ಕೆಡೂಕಿಂತ ನನ್ನ ಅಂಗಡ್ಯಾಗ ಕೆಡ್ಲಿರಿ.”

ಕೆಡಲಿಲ್ಲ. ಹಸ್ತ ಮಳೆ ಹಗಲೂ ರಾತ್ರಿ ಸುರಿದರೂ ಕಾರು ಬಬಲೇಶ್ವರದಿಂದ ವಿಜಯಪುರಕ್ಕೆ ದೀಪ ಹೊತ್ತಿಸಿಕೊಂಡೇ ಓಡಾಡಿತು. ಶಿವಯೋಗೆಪ್ಪನವರು ಸಂತೆಯಲ್ಲಿ ನಿಂತು ಹೇಳಿದ್ದು ನಿಜ, ಆದರೆ ಬೇರೆಯೇ ಮಾತು. ಕೇಳಿದವರು ತಮ್ಮ ತಮ್ಮ ಗಾಡಿಗಳ ಸುಟ್ಟ ಡೈನಮೋಗಳನ್ನು ಹೊತ್ತು ತಂದರು.

ಮಳೆಗಾಲ ಮುಗಿದಾಗ ಅಮಸಿದ್ದನವರು ಮಗನನ್ನು ಕರೆದೊಯ್ಯಲು ಬಂದು ಕಟ್ಟೆಯ ಮೇಲೆ ಕೂತರು. ಒಳಗೆ ವಿಜಯಪುರದ ಲಾರಿ ಮಾಲೀಕರೊಬ್ಬರು ತಮ್ಮ ಡೈನಮೋವನ್ನು ಈಗಲೇ ಕೊಡೆಂದು ಜಬರಿಸುತ್ತಿದ್ದರು. ತೇವದಲ್ಲಿಟ್ಟು ನೋಡದೆ ಕೊಡುವುದಿಲ್ಲವೆಂದು ಗೊಲ್ಲಾಳಪ್ಪ ಮೆಲುದನಿಯಲ್ಲೇ ಹೇಳುತ್ತಿದ್ದರು. ಮಾಲೀಕರು ಗೊಣಗಿದರು, ಸಿಟ್ಟಾದರು. ಕಡೆಗೆ ನಾಳೆ ಬರುತ್ತೇನೆಂದು ಡೈನಮೋ ಅಲ್ಲೇ ಬಿಟ್ಟು ಹೋದರು.

ಅಮಸಿದ್ದನವರು ಕೋಲು ಊರಿ ಎದ್ದರು.

“ಕುರಿ ನಾ ನೋಡ್ಕೋತೇನಿ” ಎಂದಷ್ಟೇ ಹೇಳಿ ಹೊರಟರು.

ರಸ್ತೆಯಲ್ಲಿ ಸಿಕ್ಕ ಊರವರು, ಮಗ ಬರಲಿಲ್ಲವೇ ಎಂದು ಕೇಳಿದರಂತೆ. ಮುದುಕ ರುಮಾಲು ಸರಿಪಡಿಸಿಕೊಂಡು, “ಅಂವಗೆಲ್ಲಿ ಪುರಸೊತ್ತು?” ಎಂದರಂತೆ.