ಹಿಂದಿನ ಗಾಜಿಗೆ ತೂತು

ನನ್ನ ಬಲಗೈ ಕೆಟ್ಟದ್ದು. ಅದನ್ನ ಮೊದ್ಲೇ ಹೇಳಿಬಿಡ್ತೀನಿ. ಬಸ್ ಸ್ಟ್ಯಾಂಡಿನಾಗ ಒಬ್ಬ ಕಂಡಕ್ಟರನ ಕೊಳ್ಳಪಟ್ಟಿ ಹಿಡದೈತಿ, ಸಂತ್ಯಾಗ ಒಬ್ಬನ ಮೂಗು ಒಡದೈತಿ, ಒಮ್ಮೆ ನಮ್ಮನಿ ಬಾಗಲಕ್ಕ ಗುದ್ದಿ ತನ್ನ ಬೆರಳು ತಾನ ಮುರಕಂಡೈತಿ. ಹುಟ್ಟುಗುಣ ಸುಟ್ರೂ ಹೋಗಂಗಿಲ್ಲ ಅಂತ ಅವ್ವ ಅಂತಿದ್ಲು, ನನ್ನ ಮುಂದನ. ಆದ್ರ ಹದಿನೆಂಟು ವರ್ಷ ಆ ಕೈ ಒಬ್ಬನ ಮ್ಯಾಲೆ ಮಾತ್ರ ಏಳಲಿಲ್ಲ. ನನ್ನ ತಮ್ಮನ ಮ್ಯಾಲೆ.

ನಮ್ಮದು ಕೊಟ್ಟೂರಾಗ ಗಾಜಿನ ಅಂಗಡಿ. ಕಿಡಕಿಗೆ, ಶೋಕೇಸಿಗೆ, ದೇವರ ಫೋಟೋಕ್ಕ ಗಾಜು ಕೊಯ್ದು ಕೊಡೋದು. ಅಪ್ಪನಿಂದ ಬಂದ ಕಸುಬು. ಅಪ್ಪ ಗಾಜನ್ನ ಕಣ್ಣಿಲೆ ನೋಡ್ತಿದ್ದಿಲ್ಲ, ಕಿವಿಲೆ ನೋಡ್ತಿದ್ದ. ಬೆರಳಿನ ಗೆಣ್ಣಿಲೆ ಎರಡು ಸಲ ಬಡದು, ಕಿವಿ ಹತ್ರ ಒಯ್ದು, ಇದು ಸಾದಾ, ಇದು ಟಫನ್, ಇದರಾಗ ಕೂದಲೆಳಿ ಬಿರುಕೈತಿ ಅಂತ ಹೇಳ್ತಿದ್ದ. ಟಫನ್ ಅಂದ್ರ ಬೆಂಕ್ಯಾಗ ಕಾಸಿ ಗಟ್ಟಿ ಮಾಡಿದ ಗಾಜು. ಗುದ್ದಿದ್ರೂ ಒಡ್ಯಂಗಿಲ್ಲ. ಆದ್ರ ಅದನ್ನ ಕೊಯ್ಯಾಕ ಹೋಗು, ತೂತು ಹೊಡ್ಯಾಕ ಹೋಗು, ಇಡೀ ಹಲಗಿ ಒಂದೇ ಏಟಿಗೆ ಕಲ್ಲುಸಕ್ಕರಿಯಂಗ ಹಳ್ಳು ಹಳ್ಳಾಗಿ ಸಿಡೀತೈತಿ. ಗಾಜಿನವನಿಗೆ ಮೊದಲ ಪಾಠನ ಅದು, ಯಾವುದು ಸಾದಾ, ಯಾವುದು ಟಫನ್.

ನನಗ ಹನ್ನೆರಡು ವರ್ಷ ಇದ್ದಾಗ ಒಂದು ದೊಡ್ಡ ಕನ್ನಡಿ ಹೊತ್ತು ತರಾಕ ಹೋಗಿ ಹೊಸ್ತಲಿಗೆ ಎಡವಿದೆ. ಕನ್ನಡಿ ಹೋತು. ಅಪ್ಪ ಎದ್ದು ಬಂದು ಎಡಗೆನ್ನಿಗೆ ಕಿವಿ ಸಮೇತ ಬಾರಿಸಿದ. ಒಂದು ವಾರ ಗುಂಯ್ ಅಂತಿತ್ತು, ಆಮ್ಯಾಲೆ ಏನೂ ಇಲ್ಲ. ಇವತ್ತಿಗೂ ಏನೂ ಇಲ್ಲ. ನಾ ಯಾರಿಗೂ ಹೇಳಲಿಲ್ಲ. ಕಿವುಡ ಅಂತ ಗೊತ್ತಾದ್ರ ಅಪ್ಪ ಕಸುಬಿಗೆ ಸೇರಿಸ್ತಿದ್ದಿಲ್ಲ, ಊರ ಮಂದಿ ಹೆಸರಿಟ್ಟು ಕರೀತಿದ್ರು. ಎಲ್ಲಿ ಕುಂತ್ರೂ ಮಂದಿ ನನ್ನ ಬಲಕ್ಕ ಬರೋಹಂಗ ಕೂಡೋದು ರೂಢಿ ಮಾಡಿಕಂಡೆ. ಎಡಕ್ಕಿಂದ ಕರದ್ರ ನಾ ಓ ಅನ್ನಂಗಿಲ್ಲ. ಹೆಂಡ್ತಿ ಪಾಪ, ಗಂಡಗ ಸೊಕ್ಕು ಅಂತ ತಿಳದಾಳ.

ಅಪ್ಪನ್ನ ಮಣ್ಣು ಮಾಡಿ ಬಂದ ದಿನ ತಮ್ಮ ಎಂಟು ವರ್ಷದವ. ಸಣ್ಣವ ಅಂತ ಅವನಿಗೆ ಏಟು ಬಿದ್ದಿದ್ದಿಲ್ಲ, ಆದ್ರ ನನಗ ಬೀಳೋದು ನೋಡೇ ಬೆಳದಿದ್ದ. ಅವತ್ತು ಮೂಲ್ಯಾಗ ಕುಂತಿದ್ದ. ಊಟಕ್ಕ ಎಬ್ಬಸಾಕ ಅಂತ ನಾ ಹತ್ರ ಹೋಗಿ ಕೈ ಚಾಚಿದ್ರ, ಎರಡೂ ಕೈ ತಲಿ ಮ್ಯಾಲೆ ಇಟ್ಟಗಂಡು ಮುದ್ದಿ ಆದ. ಅವ್ವನ ಮುಂದ ನಿಂತು ಆಣಿ ಮಾಡಿದೆ, ‘ಇವನ ಮೈ ನಾ ಮುಟ್ಟಂಗಿಲ್ಲ. ಮುಟ್ಟಿದ್ರ ಈ ಕೈ ಕೊಯ್ದು ಒಗೀತೀನಿ.’

ಅವ್ವ ಅಂದ್ಲು, ‘ಕೊಯ್ಯೋದೇನೂ ಬ್ಯಾಡ. ಸಿಟ್ಟು ಬಂದಾಗ ಕಿಸೇದಾಗ ಇಟ್ಟಗ.’

ಹಂಗ ಇಟ್ಟಗಂಡೆ. ಅವ ಶಾಲಿ ತಪ್ಪಿಸಿದಾಗ ಕಿಸೇದಾಗ. ನನ್ನ ಗಾಡಿ ಒಯ್ದು ಗೋಡಿಗೆ ಗುದ್ದಿಸಿದಾಗ ಕಿಸೇದಾಗ. ಪ್ಯಾಂಟಿನ ಬಲಗಿಸೆ ಹರಿದು ಹರಿದು ಹೆಂಡ್ತಿ ಹೊಲದು ಹೊಲದು ಸಾಕಾದ್ಲು.

ಈ ತಮ್ಮ ಮಂಗಳೂರಾಗ ನಾಕು ವರ್ಷ ಬಣ್ಣದ ಮೀನು ಮಾರೋ ಅಂಗಡ್ಯಾಗ ಕೆಲಸ ಮಾಡಿ, ಹೋದ ವರ್ಷ ತಿರುಗಿ ಬಂದ. ಬಂದವನ ಒಂದೇ ಹಟ, ಅಂಗಡಿ ಮುಂದ ಸಮುದ್ರ ಇಡ್ತೀನಿ ಅಂತ. ಕೆರಿ ಮೀನಲ್ಲ, ಸಮುದ್ರದ ಮೀನು, ಜೀವಂತ ಹವಳ.

‘ಲೇ, ಇಲ್ಲಿ ನಳದಾಗ ನೀರು ಬಂದ್ರ ಹಬ್ಬ ಮಾಡ್ತಾರ, ನಿನಗ ಸಮುದ್ರ ಬೇಕಾ?’ ಅಂದೆ.

‘ನೀರು ಫಿಲ್ಟರಿಂದು. ಉಪ್ಪು ನಾ ತರ್ತೀನಿ. ಗಾಜು ನಿಂದು ಅಣ್ಣಾ. ನಿನ್ನಂಥ ಗಾಜಿನಾವ ಮಂಗಳೂರಾಗೂ ಇಲ್ಲ.’

ನೋಡ್ರಿ, ಈ ಮಾತಿಗೆ ನಾ ಬಿದ್ದೆ. ಒಳಗೊಳಗ ಉಬ್ಬಿದೆ. ಅವ ಹಾಳಿ ಮ್ಯಾಲೆ ಚಿತ್ರ ಬರದು ತೋರಿಸಿದ. ನಾಕು ಅಡಿ ಉದ್ದ, ಎರಡು ಅಡಿ ಎತ್ತರ. ಹಿಂದಿನ ಗಾಜಿಗೆ ಮ್ಯಾಲಿನ ಅಂಚಿನ ಹತ್ರ ಒಂದು ತೂತು. ತುಂಬಿದ ನೀರು ಆ ತೂತಿನ ಪೈಪಿನಾಗಿಂದ ಕೆಳಗಿನ ತೊಟ್ಟಿಗೆ ಇಳದು, ಅಲ್ಲಿ ಸೋಸಿ, ಮೋಟರಿನಿಂದ ತಿರುಗಿ ಮ್ಯಾಲೆ ಬರಬೇಕು. ತೂತಿಲ್ಲದ ತೊಟ್ಟ್ಯಾಗ ಹವಳ ಬದುಕೋದು ಕಷ್ಟ ಅಂದ.

ನಾಕು ಗಾಜು ನಮ್ಮ ಅಂಗಡ್ಯಾಗ ಇದ್ದವು. ಹಿಂದಿನದು ದಪ್ಪಂದು ಬೇಕಿತ್ತು. ಕೂಡ್ಲಿಗಿಗೆ ಹೋದ್ವಿ. ಅಲ್ಲಿಯವ ಗೀರು ಬಿದ್ದ ಗಾಜು ತೋರಿಸಿ, ‘ಮೀನಿಗೇನು ಗೊತ್ತಾಗತೈತಿ ಬಿಡ್ರಿ’ ಅಂತ ನಕ್ಕ. ನಾ ಅವನ ಅಂಗಿ ಹಿಡದು ಗಾಜಿನ ಸ್ಟ್ಯಾಂಡಿಗೆ ಒತ್ತಿದೆ. ಹಿಂದ ಗಾಜೆಲ್ಲ ಝಲ್ಲಂತ ಅಲ್ಲಾಡಿದವು. ತಮ್ಮ ನನ್ನ ಸೊಂಟ ಹಿಡದು ಎಳಕಂಡು ಹೊರಗ ತಂದ. ‘ಅಣ್ಣಾ, ಗಾಜು ತರಾಕ ಬಂದೀವೋ, ಜೈಲಿಗೆ ಹೋಗಾಕ ಬಂದೀವೋ?’ ಅಂದ. ಇಬ್ರೂ ನಕ್ಕಂತ ಬಸ್ ಹತ್ತಿದ್ವಿ.

ಹಗರಿಬೊಮ್ಮನಹಳ್ಳಿ ಗುಜರಿ ಅಂಗಡ್ಯಾಗ ಸಿಕ್ತು. ಕೆಡವಿದ ಬಟ್ಟಿ ಅಂಗಡೀದು. ದಪ್ಪ, ನೀರಿನಂಗ ತಿಳಿ, ಒಂದು ಗೀರಿಲ್ಲ. ಟೇಪು ಹಿಡದ್ರ ನಾಕು ಅಡಿ, ಎರಡು ಅಡಿ, ಅಳತಿ ಕೊಟ್ಟು ಮಾಡಿಸಿದಂಗ. ಕೊಯ್ಯೋ ಕೆಲಸಾನ ಇಲ್ಲ. ಅದ ಕೆಟ್ಟಿದ್ದು. ಕೊಯ್ಯೋದಿದ್ರ ಗೀರು ಹಾಕಿದ ಕೂಡ್ಲೇ ಬಣ್ಣ ಬಯಲಾಗ್ತಿತ್ತು.

ಅಪ್ಪನಂಗ ಗೆಣ್ಣಿಲೆ ಎರಡು ಸಲ ಬಡದೆ. ಬಲಗಿವಿ ಹತ್ರ ಒಯ್ದೆ. ಬಾಜೂಕ ವೆಲ್ಡಿಂಗ್ ಅಂಗಡ್ಯಾಗ ಟ್ರ್ಯಾಕ್ಟರ್ ಟ್ರೇಲರ್ ಬಡಿಯಾಕ ಹತ್ತಿದ್ರು, ರಸ್ತೇದಾಗ ಬಸ್ಸಿನ ಹಾರನ್ನು. ಒಂದೇ ಕಿವಿ ಇದ್ದವನಿಗೆ ಗದ್ದಲದಾಗ ಎಲ್ಲಾ ಶಬ್ದ ಕಲಸಿ ಅಂಬಲಿ ಆಗತಾವ. ಇನ್ನೊಂದು ಸಲ ಬಡದೆ. ಏನೂ ತಿಳೀಲಿಲ್ಲ. ಗುಜರಿಯವ ಕೈಕಟ್ಟಿ ನಿಂತು, ‘ಏನಂತೈತ್ರಿ ಗಾಜು?’ ಅಂತ ಕೇಳಿದ. ತಮ್ಮ ನನ್ನ ಮುಖಾನ ನೋಡಾಕ ಹತ್ತಿದ್ದ, ಮಂಗಳೂರಾಗೂ ಇಲ್ಲದ ಗಾಜಿನಾವನ ಮುಖ.

‘ಸಾದಾ ಅಂತೈತಿ,’ ಅಂದೆ. ಸುಳ್ಳು. ಅಪ್ಪಟ ಸುಳ್ಳು.

ಐತವಾರ ಅಂಗಡಿ ಮುಂದ ಕಟ್ಟಿ ಮ್ಯಾಲೆ ಥರ್ಮಕೋಲ್ ಹಾಸಿ ಗಾಜು ಮಲಗಿಸಿದ್ವಿ. ತೂತು ಹೊಡ್ಯಾಕ ವಜ್ರದ ಪುಡಿ ಹಚ್ಚಿದ ಉಕ್ಕಿನ ದುಂಡನ ಬಳಿ ಬರತೈತಿ, ಡ್ರಿಲ್ಲಿಗೆ ಅದನ್ನ ಸಿಗಿಸಿದೆ. ಗಾಜು ಕಾಯಬಾರದು ಅಂತ ಒಬ್ರು ಮೇಲಿಂದ ನೀರು ಬಿಡ್ತಾನ ಇರಬೇಕು. ಅದು ತಮ್ಮನ ಕೆಲಸ. ಸಮುದ್ರ ಬರತೈತಂತ ಅಂತ ಚಾದಂಗಡಿಯವ, ಕ್ಷೌರದಂಗಡಿಯವ, ಓಣಿ ಮಂದಿ ನಾಕೆಂಟು ಜನ ಸುತ್ತ ನಿಂತಿದ್ರು.

ಡ್ರಿಲ್ ಎತ್ತಿದೆ. ತಮ್ಮ ಕಿಸೇದಾಗಿಂದ ಪೋಲರಾಯ್ಡ್ ಕರೇ ಕನ್ನಡಕ ತಗದ.

‘ಅಣ್ಣಾ, ಒಂದ್ನಿಮಿಷ. ಗಾಜಿನ ಹಿಂದ ಫೋನಿನ ಸ್ಕ್ರೀನ್ ಬೆಳಕು ಹಿಡದು ಈ ಕನ್ನಡಕದಾಗ ನೋಡಿದ್ರ, ಟಫನ್ ಇದ್ರ ಕಪ್ಪು ಕಪ್ಪು ಮಚ್ಚಿ ಕಾಣ್ತಾವ. ನಾವಲ್ಲಿ ಹಂಗ ನೋಡ್ತಿದ್ವಿ.’

ಕ್ಷೌರದಂಗಡಿಯವ ಕಿಸಕ್ಕಂತ ನಕ್ಕ. ‘ಅಣ್ಣ ಅಪ್ಪನಂಗ ಕಿವಿಲೆ ನೋಡ್ತಾನ, ತಮ್ಮ ಕೂಲಿಂಗ್ ಗ್ಲಾಸಿಲೆ ನೋಡ್ತಾನಂತ!’

‘ನಾ ಬಡದು ನೋಡೀನಿ,’ ಅಂದೆ. ಎಡಗೈಯಾಗ ಡ್ರಿಲ್ ಹಿಡದೆ, ಬಲಗೈ ಕಿಸೇಕ್ಕ ಹೋತು.

‘ಅಲ್ಲಿ ಗದ್ದಲಿತ್ತಲ್ಲ ಅಣ್ಣಾ. ಖರೇವಂದ್ರ ನಿನಗ ಕೇಳಿಸ್ತೇನು?’

ಅವ ಸುಮ್ನ ಕೇಳಿದ್ದು. ಅವನಿಗೇನು ಗೊತ್ತು ನನ್ನ ಕಿವಿ ಸುದ್ದಿ? ಆದ್ರ ನನಗ ಊರ ಮುಂದ ಯಾರೋ ಪಂಚಿ ಕಿತ್ತಂಗಾತು. ಕೈ ಕಿಸೇದಾಗಿಂದ ಯಾವಾಗ ಹೊರಗ ಬಂತೋ ನನಗ ಗೊತ್ತಿಲ್ಲ, ದೇವರಾಣಿಗೂ ಗೊತ್ತಿಲ್ಲ. ಫಟಾರ್ ಅಂತ ಶಬ್ದ ಬಂತು. ಅದು ಮಾತ್ರ ನನಗ ಚಂದಾಗಿ ಕೇಳಿಸ್ತು. ತಮ್ಮನ ಎಡಗೆನ್ನಿಗೆ, ಕಿವಿ ಸಮೇತ.

ಕನ್ನಡಕ ಹೋಗಿ ಗಟಾರದಾಗ ಬಿತ್ತು. ಅವ ತಲಿ ಮ್ಯಾಲೆ ಕೈ ಇಟ್ಟಗಳ್ಳಲಿಲ್ಲ. ಒಂದು ಸಲ ತಲಿ ಝಾಡಿಸಿದ, ನನ್ನನ್ನ ನೋಡಿದ, ಬಗ್ಗಿ ನೀರಿನ ಚರಗಿ ಎತ್ತಿಕಂಡ.

‘ಹಿಡಿ. ನೀರು ಹಾಕ್ತೀನಿ,’ ಅಂದ.

ಅಲ್ಲಿಗೆ ಬಿಡಬೇಕಿತ್ತು. ಡ್ರಿಲ್ ಒಗದು ಅವನ ಕಾಲು ಹಿಡೀಬೇಕಿತ್ತು. ಮುಠ್ಠಾಳ ನಾನು, ಹೊಡದ ಕೈ ಸರಿ ಅಂತ ತೋರಸಾಕ ಡ್ರಿಲ್ ಚಾಲೂ ಮಾಡಿದೆ. ಗಾಜಿನ ಮ್ಯಾಲೆ ಹಗೂರಕ ಇಳಸಬೇಕು, ಬಳಿ ತಾನ ತಿನ್ಕಂತ ಹೋಗಬೇಕು. ನಾ ಎದಿ ಭಾರ ಹಾಕಿ ಒತ್ತಿದೆ. ಅವ ನೀರು ತೂತಿಗೇ ಬೀಳಲಿ ಅಂತ ಮುಖ ಕೆಳಗ ತಂದಿದ್ದ.

ಢಂ! ಇಡೀ ಗಾಜು ಒಂದೇ ಸಲಕ್ಕ ಎದ್ದು ಸಿಡೀತು. ಮುಖಕ್ಕ, ಕೈಗೆ, ಎದಿಗೆ ಹಳ್ಳು ರಾಚಿದಂಗ ಬಡದವು. ಡ್ರಿಲ್ ನನ್ನ ಕೈ ತಪ್ಪಿ ಕಟ್ಟಿಗೆ ಬಡದು ತಿರುಗಾಕ ಹತ್ತಿತ್ತು. ತಮ್ಮ ಕುಂತಲ್ಲೇ ಹಿಂದಕ್ಕ ಬಿದ್ದಿದ್ದ. ಮುಖದ ತುಂಬ ರಕ್ತ, ಕೂದಲಾಗೆಲ್ಲ ಗಾಜಿನ ಹಳ್ಳು, ಎಡಗಣ್ಣು ಕಾಣವಲ್ದು, ಅಲ್ಲಿ ರಕ್ತಾನ ನಿಂತೈತಿ. ‘ಕಣ್ಣು ಹೋತು! ನನ್ನ ತಮ್ಮನ ಕಣ್ಣು ಹೋತ್ರೆಪ್ಪೋ!’ ಅಂತ ಹೆಂಗಸರಂಗ ಒದರಿದೆ. ಬಾಚಿ ಎತ್ತಿಕಂಡ್ರ ಅವನ ಮೈಯಾಗಿನ ಗಾಜು ನನ್ನ ಕೈಯಾಗ ಇಳೀತು. ಇಳೀಲಿ ಅಂದೆ.

ದವಾಖಾನ್ಯಾಗ ಡಾಕ್ಟರು ಚಿಮಟಾ ಹಿಡದು ಒಂದೊಂದ ಹಳ್ಳು ತಗದು ತಾಟಿನಾಗ ಹಾಕಿದ್ರು. ಒಂದೊಂದು ಬಿದ್ದಾಗೂ ಟಣ್ ಅಂತಿತ್ತು. ಹುಬ್ಬಿಗೆ ಆರು ಹೊಲಿಗಿ. ಆಮ್ಯಾಲೆ ರಕ್ತ ಒರಸಿ, ರೆಪ್ಪಿ ಎತ್ತಿ ಬ್ಯಾಟ್ರಿ ಬಿಟ್ಟು ನೋಡಿ, ‘ಕಣ್ಣಿಗೇನೂ ಆಗಿಲ್ಲ, ನಸೀಬು ಚಲೋ ಐತಿ’ ಅಂದ್ರು. ನಾ ಗೋಡಿ ಹಿಡದು ಕುಂತು ಅತ್ತೆ. ಖುಷಿಗೆ ಅತ್ತೆ. ಬದುಕಿದೆ, ಅಂದೆ. ಕಣ್ಣು ಉಳೀತು, ಎಲ್ಲಾ ಉಳೀತು ಅಂತ ತಿಳಕಂಡೆ.

ಆಟೋದಾಗ ಮನಿಗೆ ಬರುವಾಗ ರೂಢಿಯಂಗ ಅವನ ಎಡಕ್ಕ ಕುಂತೆ. ಜೀವಮಾನದಾಗ ಯಾರಿಗೂ ಅನ್ನದ ಮಾತು ಅಂದೆ, ‘ತಪ್ಪಾತು ಲೇ ತಮ್ಮಾ.’ ಅವ ಮಾತಾಡಲಿಲ್ಲ. ಸಿಟ್ಟು, ಇರಲಿ, ಬರಬೇಕಾದ್ದ. ಇನ್ನೊಂದು ಸಲ ಅಂದೆ, ಜೋರಾಗಿ. ‘ಆಣಿ ಮುರದೆ. ನನ್ನ ಕೈಗೆ ಹುಳ ಬೀಳಲಿ.’ ಅವ ರಸ್ತಿ ನೋಡ್ಕಂತ ಕುಂತಿದ್ದ. ಭುಜ ಮುಟ್ಟಿದೆ.

‘ಏನಾರ ಅಂದ್ಯಾ?’ ಅಂದ. ಅಂದು, ಕೊಳ್ಳು ತಿರುವಿ ಬಲಗಿವಿ ನನ್ನ ಬಾಯಿ ಹತ್ರ ತಂದ.

ಆ ಕೊಳ್ಳು ತಿರುವೋದು ನನಗ ಗೊತ್ತು. ನಾನ ಮೂವತ್ತು ವರ್ಷ ಮಾಡೀನಿ ಅದನ್ನ.

ಹರಪನಹಳ್ಳ್ಯಾಗ ಕಿವಿ ಡಾಕ್ಟರಿಗೆ ತೋರಿಸಿದ್ವಿ. ಅವರು ಒಳಗ ಬೆಳಕು ಬಿಟ್ಟು ನೋಡಿ, ‘ಯಾರರ ಹೊಡದಾರೇನು?’ ಅಂತ ಕೇಳಿದ್ರು. ನಾ ಬಾಯಿ ತಗ್ಯಾದ್ರಾಗ ತಮ್ಮ, ‘ಇಲ್ರಿ, ಗಾಜು ಸಿಡದದ್ದು’ ಅಂದ. ಕಿವ್ಯಾಗಿನ ಪರದಿ ಹರದೈತಿ, ಕೂಡಬಹುದು, ಕೇಳಿಸೋದು ಮಾತ್ರ ಹೇಳಾಕ ಬರಂಗಿಲ್ಲ, ಮೂರು ತಿಂಗಳು ನೋಡ್ರಿ ಅಂದ್ರು. ನೋಡಿದ್ವಿ. ಪರದಿ ಕೂಡ್ತು. ಕಿವಿ ಬರಲಿಲ್ಲ. ಅವ್ವ ನನ್ನನ್ನ ಬೈಯಲಿಲ್ಲ. ‘ಸಿಟ್ಟಿನಾಗ ಕೊಯ್ದ ಮೂಗು ಶಾಂತ್ಯಾಗ ಬರಂಗಿಲ್ಲಪ್ಪ’ ಅಂದು ಒಳಗ ಹೋದ್ಲು. ಬೈದಿದ್ರ ಚಲೋ ಇತ್ತು.

ತೊಟ್ಟಿ ಆಮ್ಯಾಲೆ ಆತು. ಹೊಸ ಗಾಜು ತಂದ್ವಿ. ಗಟಾರದಾಗಿನ ಕನ್ನಡಕ ನಾನ ತೊಳದು ಇಟ್ಟಿದ್ದೆ, ಅವನ ಮುಂದ ಹಾಕ್ಕಂಡು, ಫೋನು ಹಿಡದು, ಮೂಲಿ ಮೂಲಿ ನೋಡಿದೆ. ಕಪ್ಪು ಮಚ್ಚಿ ಇದ್ದಿಲ್ಲ. ತೂತು ಅವ ಹೊಡದ, ನೀರು ನಾ ಬಿಟ್ಟೆ. ಇಪ್ಪತ್ತು ನಿಮಿಷ ಹಿಡೀತು, ರೂಪಾಯಿ ಬಿಲ್ಲಿ ಬಿದ್ದಂಗ ಗಾಜಿನ ತುಂಡು ಕಳಚಿ ಬಿತ್ತು.

ಉಪ್ಪುನೀರು ಹಾಕಿದ ದಿನ ಇಬ್ರೂ ತೊಟ್ಟಿ ಮುಂದ ಸ್ಟೂಲ್ ಹಾಕ್ಕಂಡು ಕುಂತಿದ್ವಿ. ನಾ ಮತ್ತ ಅವನ ಎಡಕ್ಕ ಕುಂತು ಏನೋ ಹೇಳಾಕ ಹತ್ತಿದ್ದೆ. ಅವಗ ಕೇಳ್ಸಲಿಲ್ಲ. ಸ್ಟೂಲ್ ಎತ್ತಿ ನನ್ನ ಎಡಕ್ಕ ಬಂದು ಕುಂತು ಅವ ಹೇಳಿದ. ನನಗ ಕೇಳ್ಸಲಿಲ್ಲ. ಅವ ಮತ್ತ ಹೇಳಿದ. ನಾ ಕೊಳ್ಳು ತಿರುವಿದೆ. ಅವ ನನ್ನ ಕೊಳ್ಳು ನೋಡಿದ, ಬಾಳ ಹೊತ್ತು ನೋಡಿದ. ಎದ್ದು ನನ್ನ ಬಲಕ್ಕ ಬಂದು ನಿಂತ.

‘ನೀ ಯಾವಾಗ್ಲೂ ನನ್ನ ಎಡಕ್ಕ ಯಾಕ ಕೂಡ್ತಿದ್ದಿ ಅಂತ ಈಗ ತಿಳೀತು. ಯಾರು ಹೊಡದಿದ್ರು?’

‘ಅಪ್ಪ,’ ಅಂದೆ.

ಅವ ತೊಟ್ಟ್ಯಾಗಿನ ನೀರು ತೂತಿಗೆ ಹೋಗೋದನ್ನ ನೋಡ್ಕಂತ ನಿಂತ. ಆಮ್ಯಾಲೆ ಅಂದ, ‘ಅಪ್ಪನ ಏಟಿನಿಂದ ನಾನೊಬ್ಬ ಪಾರಾದೆ ಅಂತ ತಿಳಕಂಡಿದ್ದೆ ಅಣ್ಣಾ.’

ನನ್ನ ಕೈ ಕಿಸೇದಾಗ ಇತ್ತು. ಅವ ಸ್ಟೂಲ್ ಎತ್ತಿ, ಬಾಜೂಕ ಅಲ್ಲ, ನನ್ನ ಎದುರಿಗೆ ಹಾಕ್ಕಂಡು ಕುಂತ.