ಕುಂಟ ಮಂತ್ರಿಯ ಪೋಸ್ಟರು

ಟೆಂಟು ಸಿನಿಮಾದ ಪೋಸ್ಟರು ಅಂಟಿಸಲು ಹೊಳೆನರಸೀಪುರಕ್ಕೆ ಹೋಗಿದ್ದೆ. ಊರೆಲ್ಲ ಮೆಚ್ಚಿ ಓದಿದ್ದ ಮಾಯಾಲೋಕದ ಕಾದಂಬರಿಯೊಂದನ್ನು ಸಿನಿಮಾ ಮಾಡಿದ್ದರು. ಕಾದಂಬರಿಯಲ್ಲಿ ರಾಜನನ್ನೇ ಗದರಿಸುವ ಕುಂಟ ಮಂತ್ರಿ ಸಿನಿಮಾದಲ್ಲಿ ಎಡವಿ ಬೀಳುವ ಕೋಡಂಗಿಯಾಗಿದ್ದ. ಪೋಸ್ಟರಿನಲ್ಲೂ ಅವನು ಅಂಗಾತ ಬಿದ್ದಿದ್ದ; ಪಕ್ಕದಲ್ಲಿ ರಾಜ ನಿಂತು ನಗುತ್ತಿದ್ದ.

ಊರುಗೋಲಿನ ದರ್ಜಿಯೊಬ್ಬ ಬಂದು ಅದನ್ನೇ ನೋಡುತ್ತ ನಿಂತ.

"ಆ ಪುಸ್ತಕ ಬಂದಮ್ಯಾಲೆ ಜನ ನನ್ನ ಕುಂಟ ಅನ್ನೋದು ಬುಟ್ಟು ಮಂತ್ರಿಗಳೇ ಅಂತಿದ್ರು ಸಾ. ಇದ ನೋಡಿದ್ಮ್ಯಾಲೆ ಏನಂತಾರೆ?"

"ನಾನು ಬರೀ ಅಂಟಿಸೋನು ಕಣಯ್ಯಾ," ಅಂದೆ.

"ಬಟ್ಟೆಯಾಗಿದ್ರೆ ನಾನೇ ತಿರುಗ್ಸಿ ಹೊಲೀತಿದ್ದೆ," ಅಂದು ಹೊರಟ.

ನಾನು ಪೋಸ್ಟರನ್ನು ಅಡ್ಡಕ್ಕೆ ತಿರುಗಿಸಿ ಅಂಟಿಸಿದೆ. ಯಾಕೆಂದು ಕೇಳಿದ ಟೆಂಟಿನ ಮಾಲೀಕರಿಗೆ ಗೋಡೆ ಗಿಡ್ಡ ಅಂದೆ. ಮಂತ್ರಿ ನೆಟ್ಟಗೆ ನಿಂತಿದ್ದ. ರಾಜ ಬಿದ್ದುಕೊಂಡು ನಗುತ್ತಿದ್ದ.